ಅಕ್ಕ ಬಾಗಿಲಲ್ಲಿ, ತಂಗಿ ವ್ಯಾನಿನಲ್ಲಿ

ಇಡೀ ಬೀದಿಗೆ ಅವಳು ‘ಸಿಸ್ಟರ್’. ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಕೋಣೆಯಲ್ಲಿ ಕೆಲಸ ಮಾಡಿ ಮಾಡಿ ಅಂಟಿಕೊಂಡ ಹೆಸರು. ಹಾಗೆ ಕರೆಯುವ ಹಕ್ಕಿದ್ದ ಒಡಹುಟ್ಟಿದ ತಂಗಿ ಮಾತ್ರ ಬಾಯ್ತುಂಬ ‘ಅಕ್ಕಾ’ ಅನ್ನುತ್ತಿದ್ದಳು. ಅಕ್ಕನ ವಾಸ ಮಹಡಿಯ ಮೇಲೆ, ತಂಗಿಯದು ಕೆಳಗೆ. ಕೆಳಮನೆಯ ಮುಂದಿನ ಕೋಣೆಯನ್ನೇ ಬೇಕರಿ ಮಾಡಿಕೊಂಡಿದ್ದ ತಂಗಿ ಗೋಧಿ ಬ್ರೆಡ್ ಮಾಡುವುದರಲ್ಲಿ ಎತ್ತಿದ ಕೈ. ಬೆಳಗಾದರೆ ಅದರ ಘಮ ಮೆಟ್ಟಿಲು ಹತ್ತಿ ಬಂದು ಅಕ್ಕನನ್ನು ಎಬ್ಬಿಸುತ್ತಿತ್ತು. ಆ ಬ್ರೆಡ್ಡಿನ ಮುಕ್ಕಾಲುಪಾಲು ಹೋಗುತ್ತಿದ್ದುದು ಮುಖ್ಯರಸ್ತೆಯ ಸಾವಯವ ಅಂಗಡಿಗೆ. ಊರೂರಲ್ಲಿ ಶಾಖೆಗಳಿದ್ದ ಕಂಪನಿ ಅದು. ಒಳಗೆ ಕಾಲಿಟ್ಟರೆ ಮರದ ಕಪಾಟುಗಳು, ಮೆಲುದನಿಯ ಸಂಗೀತ, ಗೋಡೆಯ ಮೇಲೆ ‘ಭೂಮಿಗೆ ಪ್ರೀತಿ, ದೇಹಕ್ಕೆ ಆರೈಕೆ’ ಎಂಬ ಹಸಿರು ಅಕ್ಷರಗಳು.

ಆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು. ದಿನವಿಡೀ ನಿಂತು ನಿಂತು ಆಕೆಯ ಕಾಲಿನ ನರಗಳು ಉಬ್ಬಿ, ಕಣಕಾಲಿನ ಹತ್ತಿರ ಹುಣ್ಣಾಗಿತ್ತು. ಸಿಸ್ಟರೇ ಪಟ್ಟಿ ಕಟ್ಟುತ್ತಿದ್ದಳು. ಒಂದು ದಿನ ಚಿಕ್ಕಮ್ಮ ಅವೇಳೆಯಲ್ಲಿ ಬಂದಳು.

“ಇವತ್ತು ಡ್ಯೂಟಿ ಇಲ್ವಾ ಚಿಕ್ಕಮ್ಮ?”

“ಇನ್ನು ಯಾವತ್ತೂ ಇಲ್ಲ ಕಣಮ್ಮ. ಕೂತ್ಕೊಂಡು ಬಿಲ್ ಹಾಕಿದ್ರೆ ಸೋಮಾರಿಗಳ ಥರ ಕಾಣ್ತಾರೆ ಅಂತ ಮೇಲಿನೋರು ಸ್ಟೂಲೆಲ್ಲ ತೆಗೆಸಿದ್ರಲ್ಲ. ನಾನು ಮನೆಯಿಂದ ಒಂದು ತಗೊಂಡ್ಹೋಗಿ ಕೂತೆ. ಸ್ಟೂಲೂ ನೀನೂ ಒಟ್ಟಿಗೇ ಮನೆಗೆ ಹೋಗಿ ಅಂದ್ರು.”

ಹೇಳಿ ತಾನೇ ನಕ್ಕಳು. ಸಿಸ್ಟರಿಗೆ ನಗು ಬರಲಿಲ್ಲ. ಪಟ್ಟಿ ಬಿಚ್ಚಿದ ಕಾಲಿನ ಹುಣ್ಣನ್ನು ನೋಡಿದಳು, ಪಿತ್ತ ನೆತ್ತಿಗೇರಿತು.

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಚಿಕ್ಕಮ್ಮನನ್ನು ವಾಪಸ್ ಕರೆದು ಸ್ಟೂಲು ಹಾಕುವತನಕ ಆ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಗಿರಾಕಿಗಳು ಕೆಲವರು ಪಣತೊಟ್ಟರು. ಶನಿವಾರ ಬೆಳಗ್ಗೆ ಬಾಗಿಲ ಮುಂದೆ ಫಲಕ ಹಿಡಿದು ನಿಲ್ಲುವುದೆಂದಾಯಿತು. ಸಿಸ್ಟರ್ ಎಲ್ಲರಿಗಿಂತ ಮುಂದೆ. ತಂಗಿಗೆ ಮಾತ್ರ ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದ್ದಳು.

ಶನಿವಾರ ಬಂತು, ಬ್ರೆಡ್ ತುಂಬಿದ ವ್ಯಾನೂ ಬಂತು. ತಂಗಿ ಟ್ರೇ ಎತ್ತಿಕೊಂಡು ಇಳಿದವಳು ನಿಂತಲ್ಲೇ ನಿಂತಳು.

“ಅಕ್ಕಾ? ನೀನಾ?”

“ಪುಟ್ಟೀ, ಸ್ವಲ್ಪ ಕೇಳು...”

“ಏನು ಕೇಳ್ಬೇಕು? ಜನ ಇಲ್ಲಿಗೆ ಬರದಿದ್ರೆ ಇದನ್ನ ಯಾರು ತಿಂತಾರೆ? ಕಂಪನಿ ಹೊಟ್ಟೆ ಮೇಲೆ ಹೊಡೀತೀನಿ ಅಂತ ಹೊರಟು ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲ!”

ಸಿಸ್ಟರ್ ಫಲಕವನ್ನು ಪಕ್ಕದವರ ಕೈಗಿತ್ತು ಟ್ರೇಗೆ ಕೈಹಚ್ಚಲು ಹೋದಳು. “ಮುಟ್ಬೇಡ,” ಎಂದು ತಂಗಿ ಒಬ್ಬಳೇ ಒಳಗೆ ಹೋದಳು.

ಅಂದಿನಿಂದ ಮೆಟ್ಟಿಲ ಬಳಿ ಎದುರಾದರೂ ಮಾತಿಲ್ಲ. ತಂಗಿ ಮುಖ ಊದಿಸಿಕೊಂಡು ಸರಿದುಹೋಗುತ್ತಿದ್ದಳು. ಸಂಜೆ ವ್ಯಾನಿನಿಂದ ಮಾರಾಟವಾಗದ ಬ್ರೆಡ್ಡು ಟ್ರೇಗಟ್ಟಲೆ ವಾಪಸ್ ಇಳಿಯುವುದನ್ನು ಸಿಸ್ಟರ್ ಕಿಟಕಿಯಿಂದ ನೋಡುತ್ತಾ ನಿಲ್ಲುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಆ ಹುಡುಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದವಳು ಇವಳೇ.

ಕಡೆಗೆ ಪಟ್ಟಿ ಕಟ್ಟುತ್ತಾ ಹೇಳಿಯೇಬಿಟ್ಟಳು: “ಚಿಕ್ಕಮ್ಮ, ಬರೋ ಶನಿವಾರ ನಾನು ನಿಲ್ಲೋದಿಲ್ಲ. ತಂಗಿ ಸೊರಗ್ತಿದ್ದಾಳೆ.”

ಚಿಕ್ಕಮ್ಮ ಸಿಟ್ಟಾಗಲಿಲ್ಲ. “ನಿಲ್ಲಬೇಡಮ್ಮ. ನನ್ನಿಂದ ನಿಮ್ಮಿಬ್ಬರ ಮಧ್ಯೆ ಗೋಡೆ ಏಳೋದು ಬೇಡ,” ಅಂದಳು. ಪಟ್ಟಿ ಕಟ್ಟಿದ ಕಾಲನ್ನು ಕೆಳಗಿಳಿಸಿ, “ಅಲ್ಲಾ, ನಾವು ಬೇಡ ಅಂದಿದ್ದು ಆ ಅಂಗಡೀನ. ನಿನ್ನ ತಂಗಿ ಬ್ರೆಡ್ ಬೇಡ ಅಂದೋರು ಯಾರು?” ಎಂದಳು.

ಮುಂದಿನ ಶನಿವಾರ ಕೆಳಗಿನಿಂದ ಗದ್ದಲ ಕೇಳಿ ಸಿಸ್ಟರ್ ಓಡಿಬಂದಳು. ಬೇಕರಿಯ ಬಾಗಿಲಿಂದ ಬೀದಿಯ ತಿರುವಿನವರೆಗೆ ಸಾಲು. ಮುಂದೆ ಚಿಕ್ಕಮ್ಮ, ಹಿಂದೆ ಫಲಕ ಹಿಡಿದಿದ್ದವರೆಲ್ಲ. ಒಟ್ಟಿಗೆ ಇಷ್ಟು ಜನಕ್ಕೆ ಬಿಡಿಯಾಗಿ ಮಾರಿ ಗೊತ್ತಿಲ್ಲದ ತಂಗಿ ಕೂದಲೆಲ್ಲ ಹಿಟ್ಟು ಮಾಡಿಕೊಂಡು ತಬ್ಬಿಬ್ಬಾಗಿದ್ದಳು. ಸಿಸ್ಟರ್ ಏನೂ ಕೇಳದೆ ಒಳಗೆ ನುಗ್ಗಿ ಬ್ರೆಡ್ ಸುತ್ತಿಕೊಡತೊಡಗಿದಳು.

“ಹಂಗೆ ಸುತ್ತಬಾರದು. ಅದೇನು ಮುರಿದ ಕಾಲಾ?” ತಂಗಿ ಗದರಿದಳು. ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು ಅದು. ಸಾಲಿನವರು ಗೊಳ್ಳೆಂದರು.

ಎಲ್ಲವೂ ಸುಖಾಂತವಾಯಿತು ಅಂತೇನಲ್ಲ. ಅಕ್ಕ ಫಲಕ ಹಿಡಿದ ಫೋಟೋ ಮೇಲಿನವರ ಕಣ್ಣಿಗೆ ಬಿದ್ದು, ಕಂಪನಿ ತಂಗಿಯ ಬ್ರೆಡ್ ಕೊಳ್ಳುವುದನ್ನೇ ನಿಲ್ಲಿಸಿತು. ಅಂದು ತಂಗಿ ಬೈಯಲಿಲ್ಲ, ಅಳಲೂ ಇಲ್ಲ. ಒಲೆ ಆರಿಸಿ ಸುಮ್ಮನೆ ಕೂತಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಸಿಸ್ಟರಿಗೆ. ಸಾಲು ದಿನಕಳೆದಂತೆ ಕರಗಿತು, ಪೂರ್ತಿ ಬತ್ತಲಿಲ್ಲ. ವ್ಯಾನು ಮಾರಬೇಕಾಯಿತು, ಬೇಕರಿ ಉಳಿಯಿತು.

ಅಂಗಡಿ ಭಣಗುಟ್ಟತೊಡಗಿದ ಮೇಲೆ ಕಂಪನಿ ಸದ್ದಿಲ್ಲದೆ ಸ್ಟೂಲುಗಳನ್ನು ವಾಪಸ್ ಹಾಕಿಸಿತು, ಚಿಕ್ಕಮ್ಮನಿಗೂ ಕರೆ ಕಳಿಸಿತು. ಅವಳು ಹೋದಳು. “ಮತ್ತೆ ಅವರ ಹತ್ರಾನೇ?” ಎಂದು ಕೆಲವರು ಮೂಗು ಮುರಿದಾಗ, “ಇಷ್ಟೆಲ್ಲ ಒದ್ದಾಡಿದ್ದು ಕೂರೋಕೆ ತಾನೇ? ನಾನೇ ಹೋಗಿ ಕೂರದಿದ್ರೆ ಹೇಗೆ?” ಅಂದಳು.

ಈಗ ಸಿಸ್ಟರ್ ರಜೆಯ ದಿನ ಬೆಳಗ್ಗೆ ಕೆಳಗಿಳಿದು ಹಿಟ್ಟು ನಾದುತ್ತಾಳೆ. ಮೊನ್ನೆ ಕೈ ನಿಲ್ಲಿಸಿ ಕೇಳಿದಳು: “ಪುಟ್ಟೀ, ನನ್ನ ಮೇಲೆ ಇನ್ನೂ ಕೋಪಾನಾ?”

“ಇದೆ,” ಅಂದಳು ತಂಗಿ. “ಮೊದಲೇ ಬಂದು ಹೇಳಬಹುದಿತ್ತು ನೀನು.”

“ಹೌದು. ಹೇಳಬೇಕಿತ್ತು.”

“ನಿಲ್ಲಿಸಬೇಡ, ನಾದು. ಹಿಟ್ಟು ಗಟ್ಟಿಯಾಗುತ್ತೆ.”