ವಿಮಾನ ಇಳಿದ ಜಾಗ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಓರ್ಲಿನ್ ಸ್ಟೇಟ್ ವಿಶ್ವವಿದ್ಯಾಲಯದ ಎಂಟು ಸೀಟಿನ ವಿಮಾನ ನೆಲ ಬಿಟ್ಟು ದಕ್ಷಿಣಕ್ಕೆ ತಿರುಗಿತು. ಒಂಬತ್ತಕ್ಕೆಲ್ಲ ಊರಿನ ಅರ್ಧ ಜನಕ್ಕೆ ಅದು ಗೊತ್ತಾಗಿತ್ತು. ಕನ್ಸಾಸಿನ ಆ ಮೂಲೆಯಲ್ಲಿ ಜನ ತಮ್ಮ ಟ್ರಕ್ಕಿನ ನಂಬರನ್ನಾದರೂ ಮರೆತಾರು, ಆ ವಿಮಾನದ ಬಾಲದ ಮೇಲಿನ ನಂಬರನ್ನು ಮರೆಯುವುದಿಲ್ಲ. ಫೋನಿನಲ್ಲಿ ಆ ನಂಬರ್ ಹಾಕಿದರೆ ನಕ್ಷೆಯ ಮೇಲೆ ಪುಟ್ಟ ಹಳದಿ ವಿಮಾನವೊಂದು ತೆವಳುತ್ತದೆ. ಅದು ಎತ್ತ ತೆವಳಿತು ಎನ್ನುವುದರ ಮೇಲೆ ಊರಿನ ಭವಿಷ್ಯ ಹೇಳುವವರು ಬೀದಿಗೊಬ್ಬರಿದ್ದರು.

ಅವರಲ್ಲಿ ಆರ್ಡಿತ್ ಉನ್ರೂಳ ಗಂಡ ಡೋಯ್ಲ್ ಕೂಡ ಒಬ್ಬ. ಊರಿನ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವುದು ಅವನ ಕೆಲಸ. ಎರಡು ಲಾರಿಗಳ ನಡುವೆ ಸಿಗುವ ಹೊತ್ತನ್ನೆಲ್ಲ ಅವನು ಓರ್ಲಿನ್ ಅಭಿಮಾನಿಗಳ ಅಂತರ್ಜಾಲದ ಹರಟೆಕಟ್ಟೆಯಲ್ಲಿ ಕಳೆಯುತ್ತಿದ್ದ. ಅಲ್ಲಿ ಅವನ ಹೆಸರು ‘ಉಗ್ರಾಣ72’. ಅವನ ಮಾತಿಗೆ ಅಲ್ಲಿ ತೂಕವಿತ್ತು, ಮನೆಯಲ್ಲಿರುವುದಕ್ಕಿಂತ ಹೆಚ್ಚು.

ಹತ್ತು ಗಂಟೆಗೆ ಅವನು ಹೆಂಡತಿಗೆ ಫೋನ್ ಮಾಡಿದ. ವಿಮಾನ ಡಲ್ಲಾಸಿನಲ್ಲಿ ಇಳಿಯಿತು, ಒಳಗಿದ್ದದ್ದು ಕ್ರೀಡಾ ನಿರ್ದೇಶಕ ಹಾಲರನ್, ಇನ್ನು ಅನುಮಾನವೇ ಬೇಡ ಎಂದ.

“ಒಹಾಯೋದವ್ರಿಗೆ ಬರಲ್ಲ ಅಂತ ಹೇಳ್ಬಿಡು,” ಎಂದೂ ಸೇರಿಸಿದ.

ಆರ್ಡಿತ್ ಹುಡುಗಿಯರ ಓಟದ ತಂಡದ ಕೋಚ್. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಅವಳ ತಂಡಕ್ಕೆ ಈ ವಿಮಾನದ ಹಾರಾಟದೊಂದಿಗೆ ಏನು ಸಂಬಂಧ ಎಂದು ಓರ್ಲಿನ್‌ನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಲೆಕ್ಕ ಅದು. ಓರ್ಲಿನ್ ಆಡುತ್ತಿದ್ದ ಪ್ರೇರಿ ಕೂಟದಲ್ಲಿ ತಮ್ಮತಮ್ಮೊಳಗೇ ಪಂದ್ಯ ಆಡುವ ಹತ್ತು ವಿಶ್ವವಿದ್ಯಾಲಯಗಳಿದ್ದವು. ಟೀವಿಯವರು ಹೆಚ್ಚು ದುಡ್ಡು ಕೊಡುವ ಕೂಟಗಳಿಗೆ ಒಂದೊಂದೇ ಜಿಗಿದು ಎರಡು ವರ್ಷದಲ್ಲಿ ಐದು ಉಳಿದವು. ಡಲ್ಲಾಸಿನಲ್ಲಿ ಕಚೇರಿಯಿರುವ ದೊಡ್ಡ ಕಾಂಟಿನೆಂಟಲ್ ಕೂಟದಲ್ಲಿ ಇನ್ನು ಎರಡೇ ಜಾಗ ಖಾಲಿ. ಅಲ್ಲಿಗೆ ಹೋದರೆ ಫುಟ್‌ಬಾಲಿನ ಜೊತೆ ಹದಿನಾರು ಆಟದ ತಂಡಗಳನ್ನು ಇಟ್ಟುಕೊಳ್ಳಲೇಬೇಕು ಎಂಬ ನಿಯಮ. ಅಂದರೆ ಓಟದ ತಂಡ ಉಳಿಯುತ್ತದೆ. ಹೋಗದಿದ್ದರೆ ಕೆಳಗಿನ ಕೂಟವೇ ಗತಿ. ಅಲ್ಲಿ ಅಷ್ಟು ತಂಡ ಬೇಕಿಲ್ಲ. ಆಗ ಮೊದಲು ಕತ್ತಿ ಬೀಳುವುದು ಟಿಕೆಟ್ ಮಾರದ ಆಟದ ಮೇಲೆ. ಗೋಧಿ ಹೊಲದ ಅಂಚಿನಲ್ಲಿ ಹನ್ನೊಂದು ಹುಡುಗಿಯರು ಓಡುವುದನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ?

ಒಹಾಯೋದ ಮಾರ್ಬರಿ ಎಂಬ ಸಣ್ಣ ಕಾಲೇಜು ಅವಳನ್ನು ಕರೆದಿತ್ತು. ಅಲ್ಲಿನ ಮುದಿ ಕೋಚ್ ಜನವರಿಗೆ ನಿವೃತ್ತಿ. ಶುಕ್ರವಾರ ಮಧ್ಯಾಹ್ನದೊಳಗೆ ಹೂಂ ಅಥವಾ ಊಹೂಂ ತಿಳಿಸಬೇಕು ಎಂದಿದ್ದರು. ನಲವತ್ತೆಂಟು ವಯಸ್ಸಿನ ಓಟದ ಕೋಚನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ ಎಂಬುದು ಆರ್ಡಿತ್‌ಗೆ ಗೊತ್ತಿತ್ತು. ಡೋಯ್ಲ್‌ಗೆ ಒಹಾಯೋ ಬೇಡವಾಗಿತ್ತು. ಬೇಡ ಎಂದು ಅವನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಅಲ್ಲಿನ ಚಳಿಯ ಬಗ್ಗೆ ಮಾತ್ರ ಆಗಾಗ ಹೇಳುತ್ತಿದ್ದ, ಕನ್ಸಾಸಿನಲ್ಲಿ ಚಳಿಯೇ ಇಲ್ಲವೇನೋ ಎಂಬಂತೆ.

ಬುಧವಾರದ ಹೊತ್ತಿಗೆ ಊರು ಹಬ್ಬದ ಗುಂಗಿಗೆ ಬಂದಿತ್ತು. ಬೇಕರಿಯವನು ಬಿರಾಕಿನ ತಟ್ಟೆಯ ಮೇಲೆ ಡಲ್ಲಾಸ್ ಎಂದು ಬರೆದ ಚೀಟಿ ಚುಚ್ಚಿದ್ದ. ಕೋಸು ಮಾಂಸ ತುಂಬಿದ ಅದೇ ಹಳೆಯ ಬನ್ನು, ಹೊಸ ಹೆಸರು ಅಷ್ಟೆ. “ನಿಮ್ಮ ಹುಡ್ಗೀರು ಇನ್ಮೇಲೆ ಫ್ಲೋರಿಡಾಕ್ಕೆ ಹೋಗಿ ಓಡ್ತಾರಂತೆ ಕೋಚ್,” ಎಂದ ಅವನು. “ಇಲ್ಲಿ ಗಾಳಿಗೆ ಎದುರಾಗಿ ಓಡಿದೋರು, ಅಲ್ಲಿ ಹಾರೇ ಹೋಗ್ತಾರೆ ಬಿಡಿ.” ಆರ್ಡಿತ್ ನಕ್ಕಳು. ನಗದಿದ್ದರೆ ಊರಿಗೆ ಬೇಜಾರಾಗುತ್ತಿತ್ತು.

ಗುರುವಾರ ಅವಳು ಹಾಲರನ್ ಹತ್ತಿರ ಹೋದಳು. ಅವನು ಆ ಬೆಳಿಗ್ಗೆಯಷ್ಟೇ ವಾಪಸ್ ಬಂದಿದ್ದ. ಹೊಸ ಕ್ಷೌರ, ಒಳ್ಳೆಯ ಸೂಟು. ತನಗೆ ಬೇರೆ ಕಡೆಯಿಂದ ಕರೆ ಬಂದಿದೆ, ನಾಳೆಯೇ ಉತ್ತರ ಕೊಡಬೇಕು, ತನ್ನ ತಂಡ ಉಳಿಯುತ್ತದೆಯೇ ಎಂದು ಅವಳು ಸುತ್ತುಬಳಸದೆ ಕೇಳಿದಳು. ಅವನು ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿದ. ತಾನೇನೂ ಹೇಳುವ ಹಾಗಿಲ್ಲ, ಒಳ್ಳೆಯ ದಿನಗಳು ಬರುತ್ತಿವೆ ಎಂದಷ್ಟೇ ತಿಳಿದುಕೊಳ್ಳಿ ಎಂದ. ಯಾರಿಗೆ ಎಂದು ಅವನು ಹೇಳಲಿಲ್ಲ, ಅವಳಿಗೆ ಕೇಳಬೇಕೆಂದು ಹೊಳೆಯಲಿಲ್ಲ.

ಶುಕ್ರವಾರ ಹನ್ನೊಂದೂವರೆಗೆ ಆರ್ಡಿತ್ ಮಾರ್ಬರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಆ ಕಡೆಯ ಹೆಂಗಸು, ಸರಿ, ನಿಮ್ಮ ಹುಡುಗಿಯರಿಗೆ ಒಳ್ಳೆಯದಾಗಲಿ ಎಂದಳು. ಆ ಸಂಜೆ ಡೋಯ್ಲ್ ದನದ ಮಾಂಸ ಸುಟ್ಟ. ಊಟದಲ್ಲಿ ಅವಳಿಗಿಂತ ಅವನೇ ಹೆಚ್ಚು ಹಗುರಾಗಿದ್ದ.

ಮುಂದಿನ ಬುಧವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಕಾಂಟಿನೆಂಟಲ್ ಕೂಟ ತನ್ನ ಎರಡು ಜಾಗಗಳನ್ನು ತುಂಬಿತ್ತು. ಅವುಗಳಲ್ಲಿ ಓರ್ಲಿನ್ ಇರಲಿಲ್ಲ. ಕ್ರೀಡಾ ನಿರ್ದೇಶಕ ಹಾಲರನ್ ಟೆಕ್ಸಸಿನ ಕ್ಯಾಡೋ ಕ್ರೀಕ್ ವಿಶ್ವವಿದ್ಯಾಲಯಕ್ಕೆ ಅದೇ ಹುದ್ದೆಗೆ ಹೊರಟಿದ್ದ. ಹಿಂದಿನ ವಾರದ ಮಂಗಳವಾರ ಅವನು ವಿಶ್ವವಿದ್ಯಾಲಯದ ವಿಮಾನದಲ್ಲಿ ಹೋಗಿದ್ದು ತನ್ನ ಕೆಲಸದ ಸಂದರ್ಶನಕ್ಕೆ. ಓರ್ಲಿನ್ ದೊಡ್ಡ ಕೂಟಕ್ಕೆ ಸೇರುವ ಮಾತೇ ಅಲ್ಲಿ ಎದ್ದಿರಲಿಲ್ಲ. ಇಡೀ ಊರು ನಕ್ಷೆಯ ಮೇಲಿನ ಬೊಂಬೆಯನ್ನು ನೋಡಿ ಮದುವೆಗೆ ಚಪ್ಪರ ಹಾಕಿತ್ತು.

ಬೇಕರಿಯ ಚೀಟಿ ಮಧ್ಯಾಹ್ನದೊಳಗೆ ಮಾಯವಾಯಿತು.

ಮೂರು ವಾರದ ನಂತರ ಹಂಗಾಮಿ ನಿರ್ದೇಶಕಿ ಆರ್ಡಿತ್‌ಳನ್ನು ಕರೆಸಿದಳು. ಓರ್ಲಿನ್ ಕೆಳಗಿನ ಕೂಟ ಸೇರುತ್ತದೆ, ಜೂನ್ ಕೊನೆಗೆ ಹುಡುಗಿಯರ ಓಟವೂ ಹುಡುಗರ ಟೆನಿಸ್ಸೂ ನಿಲ್ಲುತ್ತವೆ, ಹುಡುಗಿಯರ ವಿದ್ಯಾರ್ಥಿವೇತನ ಓದು ಮುಗಿಯುವವರೆಗೆ ಇರುತ್ತದೆ, ಆದರೆ ಓಡುವುದಕ್ಕೆ ತಂಡವಿರುವುದಿಲ್ಲ. ಕಾಗದ ನೋಡಿಕೊಂಡು ಇಷ್ಟನ್ನೂ ಓದಿದಳು. ಓದುವುದರಲ್ಲಿ ಅವಳದೇನೂ ತಪ್ಪಿರಲಿಲ್ಲ.

ಆರ್ಡಿತ್ ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತೇ ಹೇಳಿದಳು. ಇಬ್ಬರು ಅತ್ತರು. ಟೆಸ್ಸ ವೋಥ್ ಎಂಬ ಎತ್ತರದ ಹುಡುಗಿ, ಫುಟ್‌ಬಾಲಿನವರು ಈ ವರ್ಷ ಎಷ್ಟು ಪಂದ್ಯ ಗೆದ್ದಿದ್ದಾರೆ ಎಂದು ಕೇಳಿದಳು. ಎರಡು ಎಂದು ಯಾರೋ ಹೇಳಿದರು. “ನಾವು ಎಲ್ಲಾ ಗೆದ್ವಿ,” ಎಂದಳು ಟೆಸ್ಸ. ತಂಡದಲ್ಲಿ ಎಲ್ಲರಿಗಿಂತ ವೇಗದವಳಾದ ಯಾರೆಲಿ ಓಚೋವಾ ಮಾತ್ರ ಬೂಟಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

ಭಾನುವಾರ ಆರ್ಡಿತ್ ಮೊದಲ ಬಾರಿಗೆ ಡೋಯ್ಲ್‌ನ ಹರಟೆಕಟ್ಟೆಯನ್ನು ತೆರೆದು ಓದಿದಳು. ತನ್ನ ತಂಡದ ಬಗ್ಗೆ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ನೋಡುವುದಿತ್ತು. ಮುನ್ನೂರು ಮಾತುಗಳಲ್ಲಿ ಓಟದ ಬಗ್ಗೆ ನಾಲ್ಕು. ಅವುಗಳಲ್ಲಿ ಒಂದು ‘ಒಳ್ಳೆಯದೇ ಆಯಿತು’. ಅವಳು ಹಿಂದೆ ಹಿಂದೆ ಹೋಗಿ ಆ ಮಂಗಳವಾರದ ಪುಟಕ್ಕೆ ಬಂದಳು. ಎಲ್ಲರೂ ಕುಣಿಯುತ್ತಿದ್ದ ಪುಟ. ನಡುವೆ, ಹನ್ನೊಂದು ಇಪ್ಪತ್ತಕ್ಕೆ, ಯಾರೋ ಒಬ್ಬ ಬರೆದಿದ್ದ: ವಿಮಾನ ಡಲ್ಲಾಸಿನ ನಿಲ್ದಾಣದಲ್ಲಿ ಇಳಿದಿಲ್ಲ, ಅಲ್ಲಿಂದ ನಲವತ್ತು ಮೈಲಿ ಉತ್ತರದ ಸಣ್ಣ ನಿಲ್ದಾಣದಲ್ಲಿ ಇಳಿದಿದೆ, ಅದರ ಪಕ್ಕ ಇರುವುದು ಕೂಟದ ಕಚೇರಿಯಲ್ಲ, ಕ್ಯಾಡೋ ಕ್ರೀಕ್, ಅಲ್ಲಿ ನಿರ್ದೇಶಕನ ಹುದ್ದೆ ಖಾಲಿಯಿದೆ.

ಅದರ ಕೆಳಗೆ, ಹನ್ನೊಂದು ಮೂವತ್ತೊಂದಕ್ಕೆ, ಉಗ್ರಾಣ72 ಉತ್ತರಿಸಿದ್ದ: ‘ನೋಡಿದೆ. ಇದನ್ನ ಇಲ್ಲಿ ಹಬ್ಬಿಸಬೇಡಿ. ಈ ವಾರ ಕೆಲವರು ದೊಡ್ಡ ನಿರ್ಧಾರ ಮಾಡೋದಿದೆ.’

ಆರ್ಡಿತ್ ಅದನ್ನು ಎರಡು ಸಲ ಓದಿದಳು. ಮಂಗಳವಾರ. ಶುಕ್ರವಾರಕ್ಕೆ ಮೂರು ದಿನ ಮೊದಲು.

ಡೋಯ್ಲ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಅವಳು ಫೋನನ್ನು ಸಿಪ್ಪೆಯ ಪಕ್ಕ ಇಟ್ಟಳು. ಅವನು ನೋಡಿದ. ಚಾಕು ನಿಂತಿತು.

“ಇದನ್ನ ನನಗೆ ಯಾಕೆ ಹೇಳ್ಲಿಲ್ಲ?”

“ಅವನೊಬ್ಬ ಬಾಯಿಬಡಕ ಕಣೇ. ದಿನಾ ಏನಾದ್ರೂ ಬರೀತಾನೆ. ನಾನು ನಂಬ್ಲಿಲ್ಲ.”

“ನಂಬ್ಲಿಲ್ಲ ಅಂದ್ರೆ ಹಬ್ಬಿಸಬೇಡಿ ಅಂತ ಯಾಕೆ ಬರ್ದೆ? ಸುಳ್ಳು ಅಂತ ಬರೀಬಹುದಿತ್ತಲ್ಲ.”

ಅವನು ಅರ್ಧ ಸುಲಿದ ಆಲೂಗಡ್ಡೆಯನ್ನು ನೀರಿನಲ್ಲಿ ಹಾಕಿದ.

“ದೊಡ್ಡ ನಿರ್ಧಾರ ಮಾಡೋ ಕೆಲವರು ಅಂದ್ಯಲ್ಲ, ಅದು ಯಾರು ಡೋಯ್ಲ್? ಎಷ್ಟು ಜನ?”

“ನೋಡು, ನನಗೆ ಐವತ್ತೆರಡು,” ಎಂದ ಅವನು, ಅವಳ ಕಡೆ ತಿರುಗದೆ. “ಒಹಾಯೋದಲ್ಲಿ ನಾನೇನು ಮಾಡ್ಲಿ? ಯಾರ ಲಾರಿ ತೂಗ್ಲಿ? ನನಗೆ ಅದು ನಿಜ ಅನ್ನಿಸ್ಬಾರ್ದಿತ್ತು. ಅದಕ್ಕೇ ಅನ್ನಿಸ್ಲಿಲ್ಲ.”

“ಬಾಯಿಬಿಟ್ಟು ಬರಲ್ಲ ಅಂದಿದ್ರೆ ನಾನು ಜಗಳ ಆಡ್ತಿದ್ದೆ. ಅಷ್ಟೇ ತಾನೆ.”

“ಜಗಳದಲ್ಲಿ ನೀನೇ ಗೆಲ್ತಿದ್ದೆ.”

ಅದು ನಿಜವಾಗಿತ್ತು. ಇಪ್ಪತ್ತು ವರ್ಷದಲ್ಲಿ ಡೋಯ್ಲ್ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಇರಬೇಕು ಎಂದು ಆರ್ಡಿತ್‌ಗೆ ಅನ್ನಿಸಿತು. ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ಅವಳು ಮನೆ ಬಿಟ್ಟು ಹೋಗಲಿಲ್ಲ. ಹೋಗುವುದಕ್ಕೆ ಇದ್ದ ಒಂದು ಊರನ್ನು ತಾನೇ ಬೇಡ ಎಂದಿದ್ದಳು. ಅವತ್ತಿನಿಂದ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತು ಉಳಿಯಿತು. ಮುಂದಿನ ಶನಿವಾರ ಡೋಯ್ಲ್ ಎಂದಿನಂತೆ ತಂಡದ ನೇರಳೆ ಬಣ್ಣದ ಜಾಕೆಟ್ ಹಾಕಿಕೊಂಡು ಫುಟ್‌ಬಾಲ್ ಪಂದ್ಯಕ್ಕೆ ಹೋದ. ಓರ್ಲಿನ್ ಮೂವತ್ತೊಂದು ಅಂಕದಿಂದ ಸೋತಿತು.

ಆರ್ಡಿತ್ ಹನ್ನೊಂದು ಹೆಸರುಗಳ ಪಟ್ಟಿ ಮಾಡಿಕೊಂಡು ಊರೂರಿನ ಕೋಚುಗಳಿಗೆ ಫೋನ್ ಮಾಡತೊಡಗಿದಳು. ಸಮಯ, ದೂರ, ಹಳೆಯ ಪೆಟ್ಟು, ಓದಿನ ಅಂಕ. ಕೆಲವರು ದನದ ಸಂತೆಯಲ್ಲಿ ಹಲ್ಲು ನೋಡಿದ ಹಾಗೆ ಕೇಳುತ್ತಿದ್ದರು. ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಟೆಸ್ಸ ನೆಬ್ರಾಸ್ಕಾಕ್ಕೆ ಹೋಗುವುದಾಯಿತು. ಇನ್ನೂ ಐದು ಹುಡುಗಿಯರಿಗೆ ಬೇರೆ ಕಡೆ ಜಾಗ ಸಿಕ್ಕಿತು, ನಾಲ್ವರು ಓಟ ಬಿಟ್ಟು ಓರ್ಲಿನ್‌ನಲ್ಲೇ ಓದು ಮುಗಿಸುತ್ತೇವೆ ಎಂದರು. ಯಾರೆಲಿ ಉಳಿದಳು. ಅವಳ ವೇಗಕ್ಕೆ ತಕ್ಕ ತಂಡಗಳೆಲ್ಲ ಆ ವರ್ಷಕ್ಕೆ ತುಂಬಿಹೋಗಿದ್ದವು.

ಕೊನೆಗೆ ಆರ್ಡಿತ್ ಮಾರ್ಬರಿಗೆ ಫೋನ್ ಮಾಡಿದಳು. ಎತ್ತಿದವಳು ಜನವರಿಗೆ ಮೊದಲೇ ಬಂದು ಸೇರಿದ್ದ ಹೊಸ ಕೋಚ್, ಮೂವತ್ತು ದಾಟಿರದ ದನಿ. ಅವಳಿಗೆ ಆರ್ಡಿತ್ ಯಾರೆಂದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಮಾತಾಡುವಷ್ಟು ಮರ್ಯಾದೆಯೂ ಇತ್ತು. ಯಾರೆಲಿಯ ಸಮಯಗಳನ್ನು ಕೇಳಿ, ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತೇನೆ, ಡಿಸೆಂಬರ್ ಹತ್ತರೊಳಗೆ ತಿಳಿಸಲಿ ಎಂದಳು.

ಯಾರೆಲಿ ಮೈದಾನದ ಬೇಲಿಗೆ ಕಾಲಿಟ್ಟು ಸ್ನಾಯು ಎಳೆದುಕೊಳ್ಳುತ್ತಿದ್ದಳು. ಅವಳ ಅಮ್ಮ ಎರಡು ತಾಸಿನ ದೂರದ ಊರಿನಲ್ಲಿ ಮಾಂಸದ ಕಾರ್ಖಾನೆಯಲ್ಲಿ ಕತ್ತರಿಸುವ ಸಾಲಿನಲ್ಲಿ ನಿಲ್ಲುವವಳು. ಹಿಂದಿನ ವರ್ಷದಿಂದ ಒಂದು ಕೈ ಸರಿಯಾಗಿ ಮುಚ್ಚುತ್ತಿರಲಿಲ್ಲ. ಯಾರೆಲಿ ಪ್ರತಿ ಶನಿವಾರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆರ್ಡಿತ್ ಹೇಳಿದ್ದನ್ನೆಲ್ಲ ಅವಳು ಕಾಲು ಇಳಿಸದೆ ಕೇಳಿದಳು.

“ಆ ಕಾಲೇಜಿಗೆ ನಿಮ್ಮನ್ನೂ ಕರ್ದಿದ್ರಂತಲ್ಲ ಕೋಚ್?”

“ಯಾರು ಹೇಳಿದ್ರು?”

“ಊರಿಗೆಲ್ಲ ಗೊತ್ತು. ನೀವು ಹೋಗಲ್ಲ ಅಂದ್ರಂತೆ.”

“ಅಂದೆ.”

“ನೀವು ಹೋಗದ ಜಾಗಕ್ಕೆ ನನ್ನನ್ನ ಯಾಕೆ ಕಳಿಸ್ತೀರಿ?”

ಕೇಳಿದ್ದು ಕುಹಕದಿಂದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಆರ್ಡಿತ್‌ಗೆ ಹೇಳಲು ಸುಲಭದ ಮಾತುಗಳು ಬೇಕಾದಷ್ಟಿದ್ದವು: ನಿಮ್ಮನ್ನೆಲ್ಲ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ ಎನ್ನಬಹುದಿತ್ತು, ಹುಡುಗಿ ನಂಬುತ್ತಿದ್ದಳು.

“ನಾನು ತಪ್ಪು ಮಾಡ್ದೆ,” ಎಂದಳು. “ನನಗೆ ಬೇಕಾಗಿದ್ದನ್ನ ಬೇರೆಯವರ ಬಾಯಲ್ಲಿ ಕೇಳಿ ನಂಬ್ದೆ. ಹಾಲರನ್ ಎದುರು ಕೂತಿದ್ದೆ, ಇನ್ನೊಂದು ಪ್ರಶ್ನೆ ಕೇಳ್ಬೇಕಿತ್ತು, ಕೇಳ್ಲಿಲ್ಲ. ನೀನು ಹಾಗೆ ಮಾಡ್ಬೇಡ. ಹತ್ತನೇ ತಾರೀಖಿನೊಳಗೆ ಫೋನ್ ಮಾಡು.”

ಅಮ್ಮನನ್ನು ಕೇಳುತ್ತೇನೆ ಎಂದಳು ಯಾರೆಲಿ. ನಂಬರ್ ಬರೆದ ಚೀಟಿಯನ್ನು ಕಾಲುಚೀಲದೊಳಗೆ ತುರುಕಿಕೊಂಡು ಓಡಲು ಹೋದಳು.

ಹನ್ನೊಂದನೇ ತಾರೀಖು ಮಾರ್ಬರಿಯಿಂದ ಆರ್ಡಿತ್‌ಗೆ ಫೋನ್ ಬಂತು. ನಿಮ್ಮ ಹುಡುಗಿ ಮಾತಾಡಲಿಲ್ಲ, ನಾನೇ ಎರಡು ಸಲ ಮಾಡಿದೆ, ಎತ್ತಲಿಲ್ಲ, ಇನ್ನು ಕಾಯಲಾರೆ, ಇಂಡಿಯಾನಾದ ಒಬ್ಬಳಿಗೆ ಜಾಗ ಕೊಟ್ಟೆ ಎಂದಳು ಆ ಹೊಸ ಕೋಚ್. ಆಮೇಲೆ, ಅವಳು ಚೆನ್ನಾಗಿದ್ದಾಳೆಯೇ ಎಂದು ಕೇಳಿದಳು.

ಯಾರೆಲಿ ಶನಿವಾರ ಅಮ್ಮನ ಹತ್ತಿರ ಹೋದವಳು ಸೋಮವಾರ ಕಳೆದರೂ ವಾಪಸ್ ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಜನ ತೆಗೆದುಕೊಳ್ಳುತ್ತಿದ್ದಾರೆ, ಅವಳೂ ಸೇರಿಕೊಂಡಿರಬೇಕು ಎಂದು ಟೆಸ್ಸ ಹೇಳಿದ್ದಳು. ಚೆನ್ನಾಗಿದ್ದಾಳೆ ಎಂದು ಆರ್ಡಿತ್ ಒಹಾಯೋಕ್ಕೆ ಹೇಳಿದಳು. ಫೋನ್ ಇಟ್ಟು, ಕಾರಿನ ಬೀಗದ ಕೈ ತೆಗೆದುಕೊಂಡಳು. ಕಾರ್ಖಾನೆಗೆ ಎರಡು ತಾಸಿನ ದಾರಿ. ಬೆಳಗಿನ ಪಾಳಿ ಮೂರಕ್ಕೆ ಬಿಡುತ್ತದೆ. ಗೇಟಿನಲ್ಲಿ ನಿಂತು ಆ ಹುಡುಗಿಗೆ ಏನು ಹೇಳಬೇಕು ಎಂಬುದು ದಾರಿಯುದ್ದಕ್ಕೂ ಅವಳಿಗೆ ಹೊಳೆಯಲಿಲ್ಲ.