ಒಂದು ಹಸು, ಎರಡು ಮತ

ಆ ವರ್ಷ ನನ್ನ ಪಬ್ಬಿನಲ್ಲಿ ಬಿಯರಿಗಿಂತ ಹೆಚ್ಚು ಖರ್ಚಾದದ್ದು ಬ್ರೆಕ್ಸಿಟ್ ಮಾತು. ಸಂಜೆಯ ಸುದ್ದಿ ಮುಗಿಯುವ ಹೊತ್ತಿಗೆ ಲಂಡನ್ನಿನ ಸಂಸತ್ತಿನಲ್ಲಿ ಒಂದು ಮಸೂದೆ ಬಿದ್ದಿರುತ್ತಿತ್ತು, ಇಲ್ಲವೇ ಪಾಸಾಗಿರುತ್ತಿತ್ತು. ಯಾವುದಾದರೂ ಸರಿ, ಸಾಮರ್ಸೆಟ್ಟಿನ ನಮ್ಮ ಹಳ್ಳಿಯಲ್ಲಿ ಅದರ ಪಂಚಾಯಿತಿ ನನ್ನೆದುರೇ ನಡೆಯಬೇಕು. ಬೆಂಕಿಗೂಡಿನ ಪಕ್ಕದ ಮೇಜು ಯುರೋಪ್ ಒಕ್ಕೂಟ ಬಿಟ್ಟು ಹೊರಡಬೇಕೆನ್ನುವವರದು, ಕಿಟಕಿ ಪಕ್ಕದ್ದು ಉಳಿಯಬೇಕೆನ್ನುವವರದು. ಮೊದಲ ಮೇಜಿನ ಯಜಮಾನ ಡಡ್ಲಿ ಕೀಡ್‌ವೆಲ್, ಹಾಲಿನ ದನ ಸಾಕುವವನು. ಎರಡನೆಯದಕ್ಕೆ ನಾರಿಸ್ ವೋಲ್ಸ್, ಡಡ್ಲಿಯ ದನಗಳ ಹೆರಿಗೆ ಮಾಡಿಸುತ್ತಲೇ ಮುದುಕನಾದ ಪಶುವೈದ್ಯ.

ಇವರಿಬ್ಬರೂ ಸೇರಿ ನಮ್ಮೂರ ಹಸು.

ಪ್ರತಿ ಡಿಸೆಂಬರಿನ ಒಂದು ಗುರುವಾರ ಊರಿನ ಸಭಾಂಗಣದಲ್ಲಿ ಈನಿಡ್ ಹ್ಯಾಲೆಟ್ ಕ್ರಿಸ್‌ಮಸ್ ನಾಟಕ ಆಡಿಸುತ್ತಾಳೆ. ಗಂಡಸರು ಲಂಗ ತೊಟ್ಟು ಅತ್ತೆಯಾಗುವ, ಪ್ರೇಕ್ಷಕರು ಕೂತಲ್ಲಿಂದಲೇ ಕೂಗಿ ಕಥೆ ತಿದ್ದುವ ನಾಟಕ. ಕಥೆ ರಾಜನದಾಗಲಿ ಕಳ್ಳರದಾಗಲಿ, ಕೊನೆಗೆ ಹಸು ಬಂದು ಕುಣಿಯಲೇಬೇಕು. ಬಟ್ಟೆಯ ಹಸುವೇಷದೊಳಗೆ ಇಬ್ಬರು: ನಾರಿಸ್ ತಲೆ ಮತ್ತು ಮುಂಗಾಲು. ಡಡ್ಲಿ ಸೊಂಟ ಬಗ್ಗಿಸಿ ಹಿಂಗಾಲು ಮತ್ತು ಬಾಲ. ಜನಮತಗಣನೆಯಲ್ಲಿ ತನ್ನ ಕಡೆ ಗೆದ್ದಂದಿನಿಂದ ಡಡ್ಲಿಗೆ ಹೀಗೆ ಬಗ್ಗುವುದು ಒಗ್ಗಲಿಲ್ಲ. ಗೊಣಗಿ ಗೊಣಗಿ, ಅದರ ಹಿಂದಿನ ವರ್ಷ ಹಟ ಹಿಡಿದೇಬಿಟ್ಟ.

“ಗೆದ್ದೋರು ಮುಂದೆ ಇರ್ಬೇಕು ಕಣೋ. ಇಷ್ಟು ವರ್ಷ ನಿನ್ನ ಬೆನ್ನು ನೋಡಿದ್ದು ಸಾಕು.”

“ನೂರಕ್ಕೆ ಐವತ್ತೆರಡು ಬಂದಿದೆ ನಿಮ್ಗೆ,” ಅಂದ ನಾರಿಸ್. “ಅಷ್ಟಕ್ಕೆ ಒಂದು ಕೊಂಬು ಕೊಡ್ಬಹುದು. ಪೂರ್ತಿ ತಲೆ ಕೊಡಕ್ಕಾಗಲ್ಲ.”

ಹಸುವಿಲ್ಲದೆ ನಾಟಕವೂ ನಿಂತಿತು. ಈ ವರ್ಷವೂ ಆಡದಿದ್ದರೆ ಡಿಸೆಂಬರಿನ ಗುರುವಾರಗಳನ್ನು ಪಕ್ಕದ ಪಟ್ಟಣದ ಯೋಗದ ತರಗತಿಗೆ ಖಾಯಂ ಕೊಡುತ್ತೇವೆಂದು ಸಭಾಂಗಣದ ಸಮಿತಿಯ ಅಧ್ಯಕ್ಷ ಈನಿಡ್‌ಗೆ ಖಡಾಖಂಡಿತವಾಗಿ ಹೇಳಿದ. ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತಳಾದ ಹೆಂಗಸು ಅವಳು. ಆಕೆಗೆ ವರ್ಷವೆಂದರೆ ಆ ಒಂದು ಸಂಜೆ. ಮಿಕ್ಕ ದಿನಗಳಿರುವುದು ಅದಕ್ಕೆ ಬಟ್ಟೆ ಹೊಲಿಯಲು. ಅವಳು ಹಸುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಅಡುಗೆಮನೆಯಲ್ಲಿ ಕೂತದ್ದನ್ನು ನೋಡಿ, ನಾನು ನಾರಿಸ್‌ನನ್ನು ಪಕ್ಕಕ್ಕೆ ಕರೆದೆ. ಡಡ್ಲಿಗೆ ತಲೆ ಕೊಟ್ಟು ನೋಡು, ತಾನಾಗಿ ವಾಪಸ್ ಕೊಡುತ್ತಾನೆ ಅಂದೆ.

ಅಕ್ಟೋಬರಿನ ಮೊದಲ ತಾಲೀಮಿನಲ್ಲಿ ಡಡ್ಲಿ ಮುಂದೆ ನಿಂತ. ಹಸುವಿನ ತಲೆ ಭಾರ. ಬಾಯಿಯ ಸಂದಿಯಿಂದ ಕಾಣುವುದು ತನ್ನ ಪಾದ ಮಾತ್ರ. ಕಾಣದಿದ್ದರೂ ಬಾಯಿ ಸುಮ್ಮನಿರಲಿಲ್ಲ. ಒಪ್ಪಂದವಿಲ್ಲದೆ ಹೊರಡುವುದನ್ನು ತಡೆಯಲು ಸಂಸತ್ತು ಕಾನೂನು ಮಾಡಿದ್ದು ಮೋಸವೆಂದು ತಲೆ ಕೂಗಿತು. ಆ ಕಾನೂನು ಇಲ್ಲದಿದ್ದರೆ ದೇಶ ಗುಂಡಿಗೆ ಬೀಳುತ್ತಿತ್ತೆಂದು ಬಾಲ ಕೂಗಿತು. ಹಸುವಿನ ಹೊಟ್ಟೆಯೊಳಗೆ ಚರ್ಚೆ ಬಿಸಿಯೇರಿ ಮುಂಗಾಲು ಎಡಕ್ಕೆ, ಹಿಂಗಾಲು ಬಲಕ್ಕೆ ಹೋಗಿ, ಹೊಲಿಗೆ ಹರಿದು, ಮುಂದಿನರ್ಧ ವೇದಿಕೆಯಿಂದ ಕೆಳಗೆ ಬಿತ್ತು. ಮುಂದಿನ ತಾಲೀಮಿಗೆ ಡಡ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದು, ಯಾರನ್ನೂ ನೋಡದೆ, ಹಿಂದಿನರ್ಧವನ್ನು ತೊಟ್ಟ. ನಾರಿಸ್ ನಗಲಿಲ್ಲ. ನಾನು ಅವನ ಕಾಲು ತುಳಿದುಕೊಂಡು ನಿಂತಿದ್ದೆ.

ಹಸು ಸಿಕ್ಕಿತು ಅನ್ನುವಷ್ಟರಲ್ಲಿ ಚುನಾವಣೆ ಬಂತು. ಪ್ರಧಾನಿ ಚುನಾವಣೆ ಕೇಳುವುದು, ಸಂಸತ್ತು ಒಲ್ಲೆ ಅನ್ನುವುದು ಶರತ್ಕಾಲವಿಡೀ ನಡೆದಿತ್ತು. ಬೇಗ ಆಗಲಿ ಅನ್ನುತ್ತಿದ್ದವನು ಡಡ್ಲಿ. ಮೊದಲು ಹೊರಡುವ ಮಸೂದೆ ಇತ್ಯರ್ಥವಾಗಲಿ ಅನ್ನುತ್ತಿದ್ದವನು ನಾರಿಸ್. ಅಕ್ಟೋಬರ್ ಕೊನೆಗೆ ಸಂಸತ್ತು ಒಪ್ಪಿತು. ಮತದಾನ ಡಿಸೆಂಬರ್ ಹನ್ನೆರಡು, ಗುರುವಾರ. ಬೆಂಕಿಗೂಡಿನ ಮೇಜು ಲೋಟ ಎತ್ತಿ ಹರ್ಷೋದ್ಗಾರ ಮಾಡುತ್ತಿರುವಾಗ ಈನಿಡ್ ಕೋಟಿಗೆ ಗುಂಡಿ ಕೂಡ ಹಾಕದೆ ಒಳಗೆ ಬಂದಳು.

“ಅವತ್ತು ನಮ್ಮ ನಾಟಕ,” ಅಂದಳು. “ಮತಗಟ್ಟೆ ಯಾವಾಗ್ಲೂ ಸಭಾಂಗಣದಲ್ಲೇ.”

ಡಡ್ಲಿಯ ಲೋಟ ಎತ್ತಿದಲ್ಲೇ ನಿಂತಿತು. ಬೇರೆ ದಿನವಿರಲಿಲ್ಲ. ವಾರದ ಕೊನೆಗೆ ಮದುವೆಗಳಿದ್ದವು, ಉಳಿದ ದಿನ ಬೇರೆ ತರಗತಿಗಳಿದ್ದವು, ಮಿಕ್ಕ ಗುರುವಾರಗಳಿಗೆ ಆಗಲೇ ಯೋಗದವರು ಮುಂಗಡ ಕೊಟ್ಟಿದ್ದರು. ನಾರಿಸ್ ಕಿಟಕಿಯ ಮೇಜಿನಿಂದ ಎದ್ದು ಬಂದು ಡಡ್ಲಿಯ ಎದುರು ಕೂತ. ನಾಲ್ಕು ಮಾತು ಆಡಿ ಹೋಗುತ್ತಾನೆ ಅಂದುಕೊಂಡೆ. ಬೈಯಲಿಲ್ಲ. “ಈಗೇನೋ ಮಾಡೋದು?” ಅಂತ ಕೇಳಿದ.

ಅದಕ್ಕೆ ಉತ್ತರ ನನ್ನ ಹಿತ್ತಲಲ್ಲಿತ್ತು. ಪಬ್ಬಿನ ಹಿಂದೆ, ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಆಟಕ್ಕೆ ಒಂದು ಉದ್ದನೆಯ ಕೊಠಡಿ ಇದೆ, ಅದಕ್ಕೆ ಓಣಿಯಿಂದ ಬೇರೆಯೇ ಬಾಗಿಲು. ಮತಗಟ್ಟೆಯನ್ನು ಇಲ್ಲಿಗೆ ತನ್ನಿ ಅಂತ ಚುನಾವಣೆ ನಡೆಸುವ ಕೌನ್ಸಿಲಿಗೆ ಫೋನ್ ಮಾಡಿದೆ. ಅಧಿಕಾರಿ ಹೆಂಗಸು ಬಂದು ದೀಪ ನೋಡಿದಳು, ಬಾಗಿಲು ನೋಡಿದಳು, ಮೆಚ್ಚಿದಳು. ಹೊಸ್ತಿಲ ಮೆಟ್ಟಿಲು ನೋಡಿ ಆಗಲ್ಲವೆಂದು ತಲೆಯಾಡಿಸಿದಳು. ಗಾಲಿಕುರ್ಚಿಯವರು ಹತ್ತುವುದು ಹೇಗೆ? ಸೋಮವಾರ ಮತದಾರರ ಚೀಟಿ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಇಳಿಜಾರು ಆದರೆ ಸರಿ ಅಂದಳು.

ಶನಿವಾರ ಬೆಳಗ್ಗೆ ಡಡ್ಲಿ ಟ್ರಾಕ್ಟರಿನಲ್ಲಿ ಹಲಗೆ, ತೊಲೆ ಹೇರಿಕೊಂಡು ಬಂದ. ನಾರಿಸ್ ಮಟ್ಟಗೋಲು ತಂದ. ಗಿಡ್ಡಗೆ ಕಡಿದಾಗಿ ಮಾಡಿ ಮುಗಿಸೋಣ ಅನ್ನುವವನು ಡಡ್ಲಿ, ಉದ್ದಕ್ಕೆ ನಿಧಾನವಾಗಿ ಇಳಿಯಬೇಕು, ಹಿಡಿದುಕೊಳ್ಳಲು ಕಂಬಿಯೂ ಇರಬೇಕು ಅನ್ನುವವನು ನಾರಿಸ್. ಜಗಳ ಇಳಿಜಾರಿನದೋ ಮಸೂದೆಯದೋ ಎಂದು ತಿಳಿಯಲು ಹತ್ತಿರ ಹೋಗಬೇಕಿತ್ತು. ಕೊನೆಗೆ ನಾನು ನನ್ನ ಅತ್ತೆಯ ಹಳೆಯ ಗಾಲಿಕುರ್ಚಿ ತಂದು ಅದರಲ್ಲಿ ಕೂತೆ. ಕಡಿದಾಗಿ ಇಟ್ಟು ನೋಡುತ್ತಿದ್ದ ಹಲಗೆಯ ಮೇಲೆ ತಳ್ಳು ಅಂತ ಡಡ್ಲಿಗೆ ಅಂದೆ. ನಾನು ತೂಕದ ಹೆಂಗಸು. ಅರ್ಧಕ್ಕೆ ಅವನ ಮುಖ ಬೀಟ್‌ರೂಟಿನ ಹಾಗಾಯಿತು, ಕುರ್ಚಿ ಹಿಂದಕ್ಕೆ ಜಾರಿತು.

“ಉದ್ದ ಮಾಡೋಣ ಬಿಡು,” ಅಂದ ಡಡ್ಲಿ. “ನಿನ್ನ ಮಾತು ಕೇಳಿ ಅಲ್ಲ. ಈಯಮ್ಮನ ಭಾರಕ್ಕೆ.”

ಸೋಮವಾರ ಅಧಿಕಾರಿ ಬಂದು, ಹತ್ತಿ ಇಳಿದು, ಒಪ್ಪಿಗೆ ಕೊಟ್ಟಳು. ಈನಿಡ್ ಹಸುವಿನ ಹೊಟ್ಟೆ ಹೊಲಿಯಲು ಮನೆಗೆ ಓಡಿದಳು.

ಹನ್ನೆರಡರ ಸಂಜೆ ಕೊರೆಯುವ ಮಳೆ. ನನ್ನ ಕೊಠಡಿಯಲ್ಲಿ ಮತಪೆಟ್ಟಿಗೆ, ರಸ್ತೆಯಾಚೆ ನಾಟಕ. ಮತ ಹಾಕಲು ಬಂದವರು ಸಭಾಂಗಣದ ಬೆಳಕು ನೋಡಿ ಅತ್ತ ನಡೆದರು. ಕುರ್ಚಿ ಮುಗಿದು ಜನ ಗೋಡೆಗೆ ಒರಗಿ ನಿಂತರು. ಹಸು ಬಂತು. ಹಿಂಗಾಲು ಮುಂಗಾಲು ಒಂದೇ ತಾಳಕ್ಕೆ ಬಿದ್ದವು. ಹಸು ಕುಣಿಯಿತು, ಕಾಲ ಮೇಲೆ ಕಾಲು ಹಾಕಿ ಬೆಂಚಿನ ಮೇಲೆ ಕೂತಿತು, ಅತ್ತೆಯ ಲಂಗ ಮೇಯಿತು. ಎರಡೂ ಮೇಜಿನವರು ಪರಸ್ಪರರ ಭುಜ ಹಿಡಿದು ನಕ್ಕರು. ಪರದೆ ಬಿದ್ದ ಮೇಲೆ ಮತ್ತೆ ಎತ್ತಿಸಿದರು, ಇನ್ನೊಮ್ಮೆ ಎತ್ತಿಸಿದರು.

ಮೂರನೆಯ ಸಲ ಪರದೆ ಬಿದ್ದಾಗ ಹಸುವಿನೊಳಗೆ ಗಡಿಬಿಡಿಯಾಯಿತು. ರಾತ್ರಿ ಹತ್ತಕ್ಕೆ ಮತಗಟ್ಟೆ ಮುಚ್ಚುತ್ತದೆ, ದಿನವಿಡೀ ವೇದಿಕೆ ಕಟ್ಟುವುದರಲ್ಲಿ ಇಬ್ಬರೂ ಮತ ಹಾಕುವುದನ್ನೇ ಮರೆತಿದ್ದರು. ಇನ್ನೊಮ್ಮೆ ಹರಿಯದಿರಲೆಂದು ಈನಿಡ್ ಇಬ್ಬರನ್ನೂ ಒಳಗಿಟ್ಟೇ ಹೊಲಿದುಬಿಟ್ಟಿದ್ದಳು.

“ಕತ್ತರಿ ಹುಡುಕೋಷ್ಟರಲ್ಲಿ ನಿನ್ನ ಪಕ್ಷ ಸೋತಿರುತ್ತೆ,” ಅಂತು ಹಿಂದಿನರ್ಧ. “ನಡಿಯೋ.”

ಹಸು ರಸ್ತೆ ದಾಟಿತು. ಇನ್ನೂ ಮತ ಹಾಕದವರೆಲ್ಲ ಎದ್ದು ಹಿಂದೆ ನಡೆದರು, ಹಾಕಿದವರೂ ನೋಡಲು ಬಂದರು. ಇಳಿಜಾರನ್ನು ಹಸು ಹೆಜ್ಜೆಗೆ ಹೆಜ್ಜೆ ಸೇರಿಸಿ ಏರಿತು. ಒಳಗೆ ಮೇಜಿನ ಹಿಂದೆ ಕೂತಿದ್ದ ಅದೇ ಅಧಿಕಾರಿ ನಗದೆ, ಇಬ್ಬರ ಹೆಸರನ್ನೂ ಕೇಳಿಕೊಂಡು, ಮತದ ಮರೆಗೆ ಒಂದು ಸಲಕ್ಕೆ ಒಬ್ಬರೇ ಹೋಗಬೇಕು, ಕಾನೂನು ಅಂದಳು. ಈನಿಡ್ ನನ್ನ ಅಡುಗೆಮನೆಯ ಚಾಕು ತಂದು ಹೊಟ್ಟೆ ಬಿಡಿಸಿದಳು. ಮುಂದಿನರ್ಧ ಹೋಗಿ ಒಂದು ಕಡೆಗೆ ಗುರುತು ಹಾಕಿತು, ಹಿಂದಿನರ್ಧ ಹೋಗಿ ಇನ್ನೊಂದು ಕಡೆಗೆ. ಯಾವುದಕ್ಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಇಬ್ಬರೂ ಹೊರಬಂದಾಗ ಓಣಿಯಲ್ಲಿ ಚಪ್ಪಾಳೆ ಬಿತ್ತು.

ಸಾಲಿನಲ್ಲಿ ಸಮಿತಿಯ ಅಧ್ಯಕ್ಷನೂ ಕೊಡೆ ಹಿಡಿದು ನಿಂತಿದ್ದ. ಈನಿಡ್ ಊರೆಲ್ಲ ಕೇಳುವಂತೆ, ಮುಂದಿನ ಡಿಸೆಂಬರ್ ಯಾರದು ಅಂತ ಅವನನ್ನು ಕೇಳಿದಳು. ಅವನು ಸುತ್ತಲಿನ ಮುಖಗಳನ್ನು ನೋಡಿದ.

“ನಿಮ್ಮದೇ ತಾಯಿ,” ಅಂದ. “ಯೋಗದೋರು ಜನವರಿಯಲ್ಲಿ ಉಸಿರು ಎಳ್ಕೊಳ್ಲಿ.”

ಈನಿಡ್ ಇಬ್ಬರೂ ಕಳಚಿಕೊಟ್ಟ, ಎರಡು ತುಂಡಾದ ಹಸುವನ್ನು ಎರಡು ತೋಳಿನ ಮೇಲೆ ಹಾಕಿಕೊಂಡು ನನ್ನ ಪಬ್ಬಿನ ಕಡೆ ನಡೆದಳು. ಜನ ದಾರಿ ಬಿಟ್ಟರು.