ಗೇಟಿಗೆ ಅಡ್ಡ ಬಿದ್ದ ಗುಲ್‌ಮೊಹರ್

ದಟ್ಟಗಳ್ಳಿಯ ಆ ಬೀದಿಯಲ್ಲಿ ಸುಂದರೇಶರ ಮನೆಗೆ ದಾರಿ ಕೇಳಿದವರಿಗೆಲ್ಲ ಜನ ಹೇಳುತ್ತಿದ್ದುದು ಒಂದೇ ಮಾತು: ಗುಲ್‌ಮೊಹರ್ ಇರೋ ಮನೆ. ಮೇ ತಿಂಗಳ ಒಂದು ಸಂಜೆ ಎದ್ದ ಗಾಳಿಮಳೆಗೆ ಆ ಮರ ಬುಡಸಮೇತ ಕಿತ್ತುಕೊಂಡು ಬಿತ್ತು. ಬಿದ್ದದ್ದು ಮನೆಯ ಮೇಲಲ್ಲ, ಅದೇ ಪುಣ್ಯ. ಕಾಂಪೌಂಡಿನ ಮೂಲೆಯಿಂದ ಹೊರಳಿ, ನಿಂತಿದ್ದ ಕಾರಿನ ಮುಂದೆ ಹಾದು, ಗೇಟನ್ನು ಬಗ್ಗಿಸಿಕೊಂಡು ಅರ್ಧ ರಸ್ತೆಯವರೆಗೂ ಮಲಗಿತ್ತು. ಕಂಬದಿಂದ ಮನೆಗೆ ಬಂದಿದ್ದ ಕರೆಂಟಿನ ತಂತಿ ಕೊಂಬೆಗಳ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಪುಟ್ಟಲಿಂಗಮ್ಮ ನೀರು ಹಾಕಲು ಬಾಗಿಲಿಗೆ ಬಂದಾಗ ಬೀದಿಯಲ್ಲಿ ಆಗಲೇ ಜನ ಸೇರಿತ್ತು. ಅವಳು ದೊಡ್ಡ ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ಹಿರಿಯ ನರ್ಸ್. ಅಂದು ಅವಳಿಗೆ ವಾರದ ರಜೆ. ಜನರ ನಡುವೆ ಅವಳ ಗಂಡ ಕುಮಾರಸ್ವಾಮಿಯೂ ಇದ್ದ. ಉದಯಗಿರಿಯಲ್ಲಿ ಅವನದೊಂದು ಮಂಚ, ಬೀರು ಮಾಡುವ ಕಾರ್ಖಾನೆ. ದಿಮ್ಮಿ ಸೀಳಲು ಇಟ್ಟುಕೊಂಡಿದ್ದ ಮೋಟಾರಿನ ಗರಗಸವನ್ನು ಅಷ್ಟು ಹೊತ್ತಿಗೇ ಹೋಗಿ ತಂದಿದ್ದ. ಉಟ್ಟಿದ್ದು ಪಂಚೆ, ಕಾಲಲ್ಲಿ ಹವಾಯಿ ಚಪ್ಪಲಿ.

"ಎಲ್ಲಿಗ್ರೀ ಹೊರಟಿದ್ದು ಹಿಂಗೆ?" ಎಂದಳು ಪುಟ್ಟಲಿಂಗಮ್ಮ.

"ಇವತ್ತು ಅವರ ಮೊಮ್ಮಗಳ ನಾಮಕರಣ ಕಣೇ. ಹನ್ನೊಂದು ಗಂಟೆ ಹೊತ್ಗೆ ನೆಂಟರೆಲ್ಲ ಬಂದ್ಬುಡ್ತಾರೆ. ಗೇಟು ಬಿಡಿಸಿಕೊಟ್ಬುಡಾನ ಅಂತ."

ಅದು ನಿಜವೇ ಆಗಿತ್ತು. ಸುಂದರೇಶರ ಮಗಳು ಲಹರಿ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಮೂರು ತಿಂಗಳ ಮಗುವಿಗೆ ಅಂದು ಹೆಸರಿಡುವುದಿತ್ತು. ಅಡುಗೆಯವರ ಟೆಂಪೋ ದೊಡ್ಡ ದೊಡ್ಡ ಪಾತ್ರೆಗಳನ್ನು ಹೊತ್ತು ರಸ್ತೆಯಲ್ಲೇ ನಿಂತಿತ್ತು. ಒಳಗೆ ಹೋಗಲು ದಾರಿಯಿಲ್ಲ. ಲಹರಿಯ ಗಂಡ ಸುಪ್ರೀತ್ ಹೊಸ ಜರಿಪಂಚೆಯನ್ನು ಮೇಲೆ ಕಟ್ಟಿಕೊಂಡು, ಕೈಯಲ್ಲೊಂದು ಮಚ್ಚು ಹಿಡಿದು, ಕೊಂಬೆಗಳ ಒಳಗೆ ನುಗ್ಗಲು ನೋಡುತ್ತಿದ್ದ.

"ಸುಪ್ರೀತ್, ಅಲ್ಲೇ ನಿಂತ್ಕೊಳಪ್ಪ," ಎಂದಳು ಪುಟ್ಟಲಿಂಗಮ್ಮ. "ತಂತಿ ಎಲ್ಲಿದೆ ಅಂತ ಕಾಣ್ತಿದೆಯಾ ನಿನಗೆ?"

"ರಾತ್ರಿಯಿಂದ ಕರೆಂಟೇ ಇಲ್ವಲ್ಲ ಆಂಟಿ."

"ಇಲ್ಲ ಸರಿ. ನೀನು ಒಳಗಿರುವಾಗ ಬಂದ್ರೆ?"

ಸುಪ್ರೀತ್ ಹಿಂದೆ ಸರಿದ. ಸುಂದರೇಶರು ಒಳಗಿನಿಂದಲೇ, ಎಲೆಗಳ ಆಚೆಯಿಂದ, ಕರೆಂಟಿನ ಆಫೀಸಿಗೆ ಫೋನು ಮಾಡಿದ್ದೇನೆ, ಊರೆಲ್ಲ ಮರ ಬಿದ್ದಿದೆಯಂತೆ, ಲೈನ್‌ಮನ್ ಮಧ್ಯಾಹ್ನದ ಹೊತ್ತಿಗೆ ಬರಬಹುದಂತೆ ಎಂದರು. ಅವರ ದನಿಯಲ್ಲಿ ದಣಿವಿತ್ತು. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಎಂದೂ ಯಾರೊಡನೆಯೂ ಏರುದನಿಯಲ್ಲಿ ಮಾತಾಡಿದವರಲ್ಲ.

ಕುಮಾರಸ್ವಾಮಿ ಗರಗಸವನ್ನು ಕೆಳಗಿಟ್ಟು ಹೆಂಡತಿಯನ್ನು ಪಕ್ಕಕ್ಕೆ ಕರೆದ. "ತಂತಿ ಒಳಗಡೆ ಐತೆ. ರಸ್ತೆ ಕಡೆ ಕೊಂಬೆ ನಾನು ಕುಯ್ದು ಎಳೀತೀನಿ. ಒಂದು ಗಂಟೆ ಕೆಲಸ. ಪಾಪ, ಶುಭಕಾರ್ಯ ಇಟ್ಕೊಂಡವ್ರೆ."

ಅವನು ಮರ ಅರಿಯದವನೇನಲ್ಲ. ಆದರೆ ಪುಟ್ಟಲಿಂಗಮ್ಮನ ಕಣ್ಣಮುಂದೆ ಬೇರೆಯೇ ಮುಖಗಳು ಬಂದವು. ಪ್ರತಿ ಮಳೆಗಾಲದಲ್ಲೂ ಅವಳ ವಾರ್ಡಿಗೆ ಮರ ಕಡಿಯಲು ಹೋದವರು ಒಬ್ಬರಾದರೂ ಬರುತ್ತಿದ್ದರು. ಅವರ ಹಿಂದೆ ಬಂದವರು ಹೇಳುತ್ತಿದ್ದ ಕಾರಣಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: ಬಸ್ಸು ಬರೋದಿತ್ತು ಸಿಸ್ಟರ್, ಕತ್ತಲಾಗ್ತಿತ್ತು ಸಿಸ್ಟರ್, ಮನೇಲಿ ಕಾಯ್ತಿದ್ರು ಸಿಸ್ಟರ್. ಕೈ ತಪ್ಪಿದವರು ಕೆಲಸ ಬಾರದವರಾಗಿರುತ್ತಿರಲಿಲ್ಲ, ಅವಸರದವರಾಗಿರುತ್ತಿದ್ದರು. ಈಗ ಗಂಡನಿಗೆ ಬೇಡ ಎಂದರೆ ಅವನು ನಿಲ್ಲುವವನಲ್ಲ. ನೆಂಟರು ಬರುವ ಹೊತ್ತು ಹತ್ತಿರವಾದಷ್ಟೂ ಎಲ್ಲರ ಕೈಗೂ ತುರಿಕೆ ಹತ್ತುತ್ತದೆ. ಮರಕ್ಕಿಂತ ಮೊದಲು ಆ ಹನ್ನೊಂದು ಗಂಟೆಯನ್ನು ಅಲ್ಲಿಂದ ತೆಗೆಯಬೇಕು ಎಂದು ಅವಳಿಗನ್ನಿಸಿತು.

ಎರಡು ಮನೆಗಳ ನಡುವೆ ಎದೆಯೆತ್ತರದ ಗೋಡೆಯಿತ್ತು. ಪುಟ್ಟಲಿಂಗಮ್ಮ ಅಲ್ಲಿಗೆ ಹೋಗಿ ಶಾರದಮ್ಮನನ್ನು ಕರೆದಳು. ಸುಂದರೇಶರ ಹೆಂಡತಿ ಶಾರದ ರೇಷ್ಮೆಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದರು. ಅತ್ತು ಕಣ್ಣು ಕೆಂಪಾಗಿತ್ತು.

"ಶಾರದಮ್ಮ, ನಾಮಕರಣ ನಮ್ಮನೇಲಿ ಮಾಡಿ."

ಶಾರದ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಮತ್ತೆ ಸಿಕ್ಕಿಸಿಕೊಂಡರು.

ಪಕ್ಕಪಕ್ಕದಲ್ಲಿ ಎಷ್ಟೋ ವರ್ಷ ಬದುಕಿದ್ದರು. ಹಬ್ಬಕ್ಕೆ ಎಳ್ಳು ಬೀರುತ್ತಿದ್ದರು, ಜ್ವರ ಬಂದರೆ ಮಾತ್ರೆ ಕೇಳಲು ಬರುತ್ತಿದ್ದರು, ಆದರೆ ಶಾರದ ಪುಟ್ಟಲಿಂಗಮ್ಮನ ಮನೆಯಲ್ಲಿ ಒಂದು ಲೋಟ ನೀರಿನಾಚೆ ಏನನ್ನೂ ತೆಗೆದುಕೊಂಡಿರಲಿಲ್ಲ. ಪುಟ್ಟಲಿಂಗಮ್ಮ ಅದನ್ನು ಗಮನಿಸದಂತೆ ಇದ್ದುಬಿಟ್ಟಿದ್ದಳು. ಈಗ ಉತ್ತರ ತಡವಾಗುತ್ತಿದ್ದಂತೆ, ಕೇಳಬಾರದಾಗಿತ್ತೇನೋ ಎನ್ನಿಸಿ ಅವಳ ಕಿವಿ ಬಿಸಿಯಾಯಿತು. ಆದರೂ ಹೇಳಿ ಮುಗಿಸಿದಳು.

"ನಮ್ಮ ಅಡುಗೆ ಎಂಥದು ಅಂತ ನಿಮಗೆ ಗೊತ್ತು, ನಾನೇನೂ ಮುಚ್ಚಿಡಲ್ಲ. ಒಳಗೆ ಒಲ್ಲದಿದ್ರೆ ತಾರಸಿ ಐತೆ, ಶೀಟ್ ಹಾಕ್ಸಿದ್ದೀವಿ, ರಾತ್ರಿಯ ಎರಚಲಿಗೆ ನೆಲವೆಲ್ಲ ತೊಳ್ಕೊಂಡೈತೆ. ನಿಮ್ಮ ಅಡುಗೆಯವರು ಅಲ್ಲೇ ಒಲೆ ಹೂಡ್ಕೊಳ್ಳಲಿ. ನನಗೆ ಬೇಕಾಗಿರೋದು ಇಷ್ಟೇ, ಇವತ್ತು ಆ ಮರದ ಹತ್ರ ಯಾರೂ ಗಡಿಬಿಡಿ ಮಾಡಬಾರದು."

ಹಿಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಲಹರಿ ಹೇಳಿದಳು, "ಅಮ್ಮ, ತಾರಸಿ ಯಾಕೆ? ಮಗುಗೆ ಸೆಕೆ ಆಗತ್ತೆ. ಆಂಟಿ ಮನೆ ಹಾಲ್‌ನಲ್ಲೇ ಮಾಡೋಣ."

ಶಾರದ ಮಗಳ ಮುಖ ನೋಡಿದರು. ನಂತರ ಬಿದ್ದ ಮರದ ಕಡೆ, ಮಚ್ಚು ಹಿಡಿದೇ ನಿಂತಿದ್ದ ಅಳಿಯನ ಕಡೆ ನೋಡಿದರು. "ಪುಟ್ಟಲಿಂಗಮ್ಮನೋರೇ," ಎಂದರು ನಿಧಾನವಾಗಿ, "ಅಡುಗೆಯವರಿಗೆ ನಿಮ್ಮ ಅಡುಗೆಮನೆಯನ್ನೇ ತೋರಿಸಿಬಿಡಿ. ತಾರಸಿಗೆ ಅಷ್ಟು ದೊಡ್ಡ ಪಾತ್ರೆ ಯಾರು ಹೊರ್ತಾರೆ."

ಗೋಡೆಯ ಎರಡೂ ಕಡೆ ಒಂದೊಂದು ಕುರ್ಚಿ ಹಾಕಿದರು. ಮೊದಲು ದಾಟಿದ್ದು ಮಗು. ಲಹರಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಗೋಡೆಯ ಮೇಲಿಂದ ಚಾಚಿದಳು, ಪುಟ್ಟಲಿಂಗಮ್ಮ ಕತ್ತಿನ ಕೆಳಗೊಂದು ಕೈಯಿಟ್ಟು ಎತ್ತಿಕೊಂಡಳು. ಆಮೇಲೆ ತೊಟ್ಟಿಲು, ಕಳಶ, ಹಣ್ಣಿನ ಬುಟ್ಟಿ, ಸೀರೆ ಎತ್ತಿ ಹಿಡಿದ ಅತ್ತಿಗೆ ನಾದಿನಿಯರು, ಕೊನೆಗೆ ಸುಂದರೇಶರು. ಅವರು ಇಳಿದ ಮೇಲೆ ಎರಡೂ ಕೈ ಜೋಡಿಸಿದರು.

ರಸ್ತೆಯ ಕಡೆ ಕುಮಾರಸ್ವಾಮಿ ಮರದಿಂದ ದೂರಕ್ಕೆ ಹಗ್ಗ ಕಟ್ಟಿ, ಬೀದಿಯ ಮಕ್ಕಳನ್ನೂ ಸ್ಕೂಟರಿನವರನ್ನೂ ತಡೆದು ನಿಂತಿದ್ದ. ಮುಖ ಸ್ವಲ್ಪ ಊದಿಕೊಂಡಿತ್ತು. ಪುಟ್ಟಲಿಂಗಮ್ಮ ಕಾಫಿ ತಂದುಕೊಟ್ಟಳು. "ನಿಮಗೆ ಬರಲ್ಲ ಅಂತ ನಾನೇಳಿಲ್ಲ," ಎಂದಳು. ಅವನು ಲೋಟ ತೆಗೆದುಕೊಂಡು, "ಗೊತ್ತು ಬುಡು," ಎಂದ.

ಹೋಮದ ಹೊಗೆ ಪುಟ್ಟಲಿಂಗಮ್ಮನ ಮನೆಯ ಹಾಲ್‌ನ ಕಿಟಕಿಯಿಂದ ಹೊರಟಿತು. ಮಗುವಿಗೆ ಚಾರುಲತೆ ಎಂದು ಹೆಸರಿಟ್ಟರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಲೈನ್‌ಮನ್ ಬಂದ. ಕಂಬದಲ್ಲಿ ಸುಂದರೇಶರ ಮನೆಯ ಸಂಪರ್ಕ ಬಿಡಿಸಿ, ಕೊಂಬೆಗಳೊಳಗಿನ ತಂತಿಯನ್ನು ಎಳೆದು ಸುರುಳಿ ಸುತ್ತಿಟ್ಟು, "ಇನ್ನು ಮುಟ್ಟಬಹುದು," ಎಂದ. ಅವನಿಗೂ ಎಲೆ ಹಾಕಿ ಬಡಿಸಿದರು.

ನೆಂಟರೆಲ್ಲ ಹೋದ ಮೇಲೆ ಕೆಲಸ ಶುರುವಾಯಿತು. ಕುಮಾರಸ್ವಾಮಿ ಪಂಚೆ ಬಿಟ್ಟು ದಪ್ಪ ಪ್ಯಾಂಟು ಹಾಕಿಕೊಂಡು ಬಂದ. ಕಾಲಿಗೆ ಬೂಟು, ಕಣ್ಣಿಗೆ ಕಾರ್ಖಾನೆಯ ಕನ್ನಡಕ, ಕಿವಿಗೆ ಹತ್ತಿ, ತಲೆಗೆ ಹೆಂಡತಿಯ ಸ್ಕೂಟರಿನ ಹೆಲ್ಮೆಟ್. ಅದು ಗುಲಾಬಿ ಬಣ್ಣದ್ದು. ಸುಪ್ರೀತ್ ನಕ್ಕ, ಕುಮಾರಸ್ವಾಮಿಯೂ ನಕ್ಕ. ಗರಗಸ ಹಿಡಿಯುವವನು ಒಬ್ಬನೇ, ಅದು ಓಡುವಾಗ ಮಿಕ್ಕವರು ದೂರ, ಅದು ನಿಂತ ಮೇಲೆಯೇ ಕೊಂಬೆ ಎಳೆಯುವುದು ಎಂದು ಮಾತಾಯಿತು. ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಾದ್ದರಿಂದ ಪುಟ್ಟಲಿಂಗಮ್ಮ ಒಂದು ಕೆಂಪು ಟವೆಲ್ ಹಿಡಿದು ಅವನ ಎದುರಿಗೆ ಕಾಣುವಂತೆ ನಿಂತಳು. ಟವೆಲ್ ಮೇಲೆದ್ದರೆ ಗರಗಸ ನಿಲ್ಲಬೇಕು.

ಕುಮಾರಸ್ವಾಮಿ ರಸ್ತೆಯ ತುದಿಯಿಂದ ಹಿಡಿದ. ಸಣ್ಣ ಕೊಂಬೆಗಳು ಮೊದಲು. ಕಡಿದದ್ದನ್ನು ಎಳೆದು, ಕಾಲಿಡುವ ಜಾಗ ಬಯಲಾದ ಮೇಲೆ ಮುಂದಿನದು. ನೆಲಕ್ಕೆ ಊರಿಕೊಂಡು ಬೊಡ್ಡೆಯನ್ನು ಎತ್ತಿ ಹಿಡಿದಿದ್ದ ಕೊಂಬೆಗಳಿಗೆ ಕೈ ಹಾಕದೆ, ಬೊಡ್ಡೆಯ ಕೆಳಗೆ ಮರದ ತುಂಡುಗಳನ್ನು ಕೊಟ್ಟು, ಆಮೇಲೆ ಆ ಕೊಂಬೆಗಳನ್ನು ಕುಯ್ದ. ಗೇಟಿನ ಕಂಬಕ್ಕೆ ಸಿಕ್ಕಿ ಬಿಲ್ಲಿನಂತೆ ಬಾಗಿದ್ದ ಒಂದು ಕೊಂಬೆಯ ಮುಂದೆ ಬಹಳ ಹೊತ್ತು ನಿಂತು ನೋಡಿದ. ಅದು ಚಿಮ್ಮುವ ಕಡೆಯನ್ನು ಬಿಟ್ಟು ಮಗ್ಗುಲಲ್ಲಿ ನಿಂತು, ಸ್ವಲ್ಪ ಸ್ವಲ್ಪವೇ ಕಚ್ಚು ಹಾಕುತ್ತ ಅದರ ಬಿಗಿಯನ್ನು ಸಡಿಲಿಸಿದ. ಕೊಂಬೆ ನರಳಿ, ಮೆತ್ತಗೆ ಕೆಳಗೆ ಬಂತು. ಕೆಂಪು ಹೂವಿನ ಎಸಳುಗಳು ಎಲ್ಲರ ಮೈಮೇಲೂ ಅಂಟಿಕೊಂಡಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ರಸ್ತೆ ತೆರವಾಗಿ, ಗೇಟಿನ ಮೇಲಿನ ಭಾರ ಹೋಗಿ, ಕಾರಿನ ಮುಂದಿನ ಬೊಡ್ಡೆಯೊಂದೇ ಉಳಿಯಿತು. ಕುಮಾರಸ್ವಾಮಿ ಬುಡದ ಹತ್ತಿರ ಗರಗಸವಿಟ್ಟ. ಅಡ್ಡಬಿದ್ದ ಮರದ ಬುಡದಲ್ಲಿ ಬೇರುಗಳು ಮಣ್ಣಿನ ಗೋಡೆಯನ್ನೇ ಹೊತ್ತು ಆಳೆತ್ತರಕ್ಕೆ ಎದ್ದು ನಿಂತಿದ್ದವು. ಅದರ ಹಿಂದೆ ದೊಡ್ಡ ಗುಂಡಿ.

ಪುಟ್ಟಲಿಂಗಮ್ಮ ಟವೆಲ್ ಹಿಡಿದು ಒಬ್ಬೊಬ್ಬರನ್ನೇ ಕಣ್ಣಲ್ಲಿ ನೋಡಿಕೊಂಡಳು. ಸುಪ್ರೀತ್ ಗೋಡೆಯ ಹತ್ತಿರ, ಶಾರದ ತಮ್ಮ ಮನೆಯ ಮೆಟ್ಟಿಲ ಮೇಲೆ, ಲಹರಿ ಕಿಟಕಿಯಲ್ಲಿ. ಸುಂದರೇಶರಿಲ್ಲ. ಒಳಗಿರಬಹುದು ಎಂದುಕೊಂಡಳು. ಆಗ ಗುಂಡಿಯ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ ಕಾಣಿಸಿತು. ಅಚ್ಚುಕಟ್ಟಾಗಿ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ.

ಟವೆಲ್ ಮೇಲೆದ್ದಿತು. ಕುಮಾರಸ್ವಾಮಿ ಕ್ಷಣವೂ ತಡೆಯದೆ ಗರಗಸ ನಿಲ್ಲಿಸಿದ. ಆಗಲೇ ಅದು ಬೊಡ್ಡೆಯೊಳಗೆ ಗೇಣಷ್ಟು ಇಳಿದಿತ್ತು.

"ಸಾರ್, ಗುಂಡಿಯಿಂದ ಮೇಲೆ ಬನ್ನಿ," ಎಂದಳು ಪುಟ್ಟಲಿಂಗಮ್ಮ. ವಾರ್ಡಿನಲ್ಲಿ ಮಾತಾಡುವಂಥ, ಏರದ ಇಳಿಯದ ದನಿ. "ಈಗಲೇ ಬನ್ನಿ. ಕೈಲಿರೋದನ್ನ ಅಲ್ಲೇ ಬಿಡಿ."

ಸುಂದರೇಶರು ಕೆಸರು ಮೆತ್ತಿದ ಮೊಣಕಾಲುಗಳಲ್ಲಿ ಮೇಲೆ ಹತ್ತಿ ಬಂದರು. "ಬೇರು ನಲ್ಲಿಯ ಪೈಪು ಒಡೆದುಬಿಟ್ಟಿದೆ. ನೀರು ಸುಮ್ಮನೆ ಹರಿದು ಹೋಗ್ತಿತ್ತು. ಒಂದು ಬಟ್ಟೆ ಕಟ್ಟೋಣ ಅಂತ ಇಳಿದೆ. ನೀವೆಲ್ಲ ಇಷ್ಟು ಕಷ್ಟಪಡ್ತಿದ್ದೀರಿ, ನಾನು ನಿಂತು ನೋಡ್ತಿದ್ರೆ ಚೆನ್ನಾಗಿರಲ್ಲ ಅನ್ನಿಸ್ತು."

"ಇಲವಾಲದ ಕಡೆಯವನೊಬ್ಬನನ್ನ ಹೋದ ವರ್ಷ ಕರ್ಕೊಂಡು ಬಂದಿದ್ರು ಸಾರ್. ಹಿಂಗೇ ಗುಂಡಿಯೊಳಗಿದ್ದ. ಬೊಡ್ಡೆ ತುಂಡಾದ ತಕ್ಷಣ ಬುಡ ಎದ್ದು ತನ್ನ ಜಾಗಕ್ಕೆ ಕೂತ್ಕೊಂತು ಅಂದ್ರು ಜೊತೆಯವರು. ಅವನ ಎರಡೂ ಕಾಲು..." ಅವಳು ಅಲ್ಲಿಗೆ ನಿಲ್ಲಿಸಿದಳು.

ಸುಂದರೇಶರು ಮಣ್ಣಿನ ಆ ಗೋಡೆಯನ್ನು ತಿರುಗಿ ನೋಡಿದರು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಕಡೆ ನಡೆದು ಹೆಂಡತಿಯ ಪಕ್ಕ ಕುಳಿತರು. ಕುಮಾರಸ್ವಾಮಿ ಗುಂಡಿಯ ಸುತ್ತ ಒಮ್ಮೆ ಹೋಗಿ ಬಂದು, ತಾನು ನಿಲ್ಲುವ ಜಾಗವನ್ನೂ ಹಿಂದೆ ಸರಿಯುವ ದಾರಿಯನ್ನೂ ಕಾಲಲ್ಲಿ ಸವರಿ ನೋಡಿ, ಮತ್ತೆ ಮೋಟಾರು ಎಳೆದ.

ಬೊಡ್ಡೆ ಪೂರ್ತಿ ತುಂಡಾಗುವ ಮೊದಲೇ ಒಳಗೆಲ್ಲೋ ಚಟಚಟ ಸದ್ದಾಯಿತು. ಅವನು ಗರಗಸ ಕಿತ್ತುಕೊಂಡು ಹಿಂದಕ್ಕೆ ಸರಿದ. ಬುಡ ಮೊದಲು ಮೆಲ್ಲಗೆ, ಯಾರೋ ಎಬ್ಬಿಸಿದಂತೆ, ತಲೆಯೆತ್ತಿತು. ಆಮೇಲೆ ಒಮ್ಮೆಲೇ ನೆಟ್ಟಗಾಗಿ ದಬ್ಬೆಂದು ಗುಂಡಿಯೊಳಗೆ ಕೂತಿತು. ಕೆಸರುನೀರು ಕಾರಿನ ಗಾಜಿಗೆ ಹಾರಿತು. ಕಾಲ ಕೆಳಗಿನ ನೆಲ ನಡುಗಿದ್ದು ಮೆಟ್ಟಿಲ ಮೇಲಿದ್ದವರಿಗೂ ಗೊತ್ತಾಯಿತು. ಗುಂಡಿಯಿದ್ದ ಕಡೆ ಈಗ ಗುಂಡಿಯೇ ಇರಲಿಲ್ಲ. ಸೊಂಟದೆತ್ತರದ ಒಂದು ಬೊಡ್ಡೆ, ಅಲ್ಲೇ ಬೆಳೆದು ಅಲ್ಲೇ ಕಡಿಸಿಕೊಂಡಂತೆ, ನೆಟ್ಟಗೆ ನಿಂತಿತ್ತು.

ಶಾರದ ಗಂಡನ ತೋಳನ್ನು ಹಿಡಿದಿದ್ದರು, ಬಿಟ್ಟಿರಲಿಲ್ಲ. ಸುಂದರೇಶರು ತಮ್ಮ ಕೆಸರು ಕಾಲುಗಳನ್ನು ನೋಡುತ್ತಿದ್ದರು.

"ಅಕ್ಕ," ಎಂದರು ಶಾರದ. ಪುಟ್ಟಲಿಂಗಮ್ಮ ತಿರುಗಿ ನೋಡಿದಳು. ಶಾರದ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಪುಟ್ಟಲಿಂಗಮ್ಮ ಹೋಗಿ ಅವರ ಇನ್ನೊಂದು ಪಕ್ಕದಲ್ಲಿ ಕುಳಿತಳು.

ಕಾರಿನ ಮುಂದಿನ ದಿಮ್ಮಿಯನ್ನು ಎಲ್ಲರೂ ಸೇರಿ, ಕಬ್ಬಿಣದ ಸಲಾಕೆಯಿಂದ ಮೀಟಿ ಗೋಡೆಯ ಪಕ್ಕಕ್ಕೆ ಉರುಳಿಸಿದರು. ಸುಪ್ರೀತ್‌ಗೆ ಉತ್ಸಾಹ ಬಂದಿತ್ತು. "ಅಂಕಲ್, ಇದನ್ನೂ ಎರಡು ತುಂಡು ಮಾಡಿಬಿಟ್ರೆ ಪೂರ್ತಿ ಮುಗೀತು. ಇನ್ನೂ ಬೆಳಕಿದೆ," ಎಂದ.

ಕುಮಾರಸ್ವಾಮಿ ಹೆಲ್ಮೆಟ್ ತೆಗೆದ. ಕೂದಲೆಲ್ಲ ಬೆವರಿಗೆ ಅಂಟಿತ್ತು. ಅವನು ಹೆಂಡತಿಯ ಕಡೆ ನೋಡಲಿಲ್ಲ.

"ಕೈ ಸೋತದೆ ಕಣಪ್ಪ," ಎಂದ. "ದಿಮ್ಮಿ ಎಲ್ಲೂ ಓಡೋಗಲ್ಲ. ಭಾನುವಾರ ನೋಡ್ಕಳಾನ."

ಅವನು ಗರಗಸವನ್ನು ಮೆಟ್ಟಿಲ ಮೇಲಿಟ್ಟು, ಅದರ ಹಲ್ಲುಗಳಿಗೆ ಸಿಕ್ಕಿದ್ದ ಹಸಿ ಹೊಟ್ಟನ್ನು ಕಡ್ಡಿಯಿಂದ ಕೆರೆಯತೊಡಗಿದ. ಸುಂದರೇಶರು ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು, ಅವನು ಕೈ ಚಾಚುವವರೆಗೂ ಹಿಡಿದು ನಿಂತರು.